ಅಟ್ಟದ ಮೇಲಿನ ಸೆಟ್ಟು ಗುಜರಿಗೆ ಹೋಗುವ ಮುಂಚೆ

ರಾಯದುರ್ಗ, ಮಡಕಶಿರಾ ಸೀಮೆಯಲ್ಲಿ ಅಟ್ಟದ ಮೇಲೋ ಮಂಚದ ಕೆಳಗೋ ಕೆಟ್ಟುಹೋದ ಟೇಪ್‌ರೆಕಾರ್ಡರ್ ಇಟ್ಟುಕೊಂಡಿರುವ ಎಲ್ಲ ಮನೆಯವರಿಗೂ ನಮಸ್ಕಾರ.

ಕಳೆದ ಕಾರ್ತಿಕದಲ್ಲಿ ಅಮರಾಪುರದ ಹತ್ತಿರದ ನಮ್ಮೂರಿಗೆ ಹೋಗಿದ್ದೆ. ಬೆಳಿಗ್ಗೆ ಗುಜರಿಯವನ ಗಾಡಿ ಬಂತು. ಮೇಲಿನ ಬೀದಿಯಲ್ಲಿ ತೆಲುಗಿನಲ್ಲಿ ಕೂಗುತ್ತಿದ್ದವನು ನಮ್ಮ ಬೀದಿಗೆ ತಿರುಗಿದ್ದೇ ‘ಹಳೇ ಕಬ್ಣ, ಹಳೇ ಪ್ಲಾಸ್ಟಿಕ್ಕೂ’ ಅಂತ ಕನ್ನಡಕ್ಕೆ ಇಳಿದ. ಗಾಡಿಯಲ್ಲಿ ಒಡೆದ ಕೊಡ, ಸುಟ್ಟ ಮಿಕ್ಸಿ, ಒಂದು ಮೂಟೆ ಬಾಟಲಿ. ಮೂಟೆಯ ಮೇಲೆ ಅಂಗಾತ ಮಲಗಿದ್ದ ಒಂದು ಟೂ-ಇನ್-ಒನ್. ಬಿಪಿಎಲ್ ಸ್ಯಾನ್ಯೊ. ಕ್ಯಾಸೆಟ್ಟಿನ ಬಾಗಿಲು ಮುರಿದಿತ್ತು, ಏರಿಯಲ್ಲು ಅರ್ಧಕ್ಕೇ ತುಂಡಾಗಿತ್ತು. ಹಿಡಿಗೆ ಯಾರೋ ಒಂದು ಕಾಲದಲ್ಲಿ ಅಕ್ಕರೆಯಿಂದ ಕೆಂಪು ದಾರ ಸುತ್ತಿದ್ದರು.

‘ಇದಕ್ಕೆಷ್ಟು ಕೊಟ್ಟೆಯಪ್ಪಾ?’

‘ತೂಕದ ಲೆಕ್ಕ ಸಾರ್. ಪ್ಲಾಸ್ಟಿಕ್ಕಿಗೊಂದು ರೇಟು, ತಾಮ್ರಕ್ಕೊಂದು ರೇಟು. ಒಳಗಿನ ಚಿಲ್ಲರೆ ಸಾಮಾನು ಯಾರಿಗೂ ಬೇಡ, ಬಿಸಾಕೋದೇ.’

ಅವನು ಬಿಸಾಕುವ ಆ ಚಿಲ್ಲರೆ ಸಾಮಾನಿಗಾಗಿ ನಾನು ಎರಡು ವರ್ಷದಿಂದ ಬೆಂಗಳೂರು, ಬಳ್ಳಾರಿ, ಹಿಂದೂಪುರ ಅಂತ ಅಲೆಯುತ್ತಿದ್ದೆ. ಇನ್ನೂರು ರೂಪಾಯಿ ಕೊಟ್ಟು ಸೆಟ್ಟು ಇಳಿಸಿಕೊಂಡೆ. ‘ಹಾಡಲ್ಲ ಸಾರ್ ಇದು’ ಅಂತ ಪಾಪ, ಅವನು ಎರಡೆರಡು ಸಲ ಎಚ್ಚರಿಸಿದ.

ಹಾಡದಿದ್ದರೆ ಬೇಡ. ಅದರ ಹೆಡ್ಡು, ಮೋಟರು, ಒಂದು ಸ್ಪ್ರಿಂಗು ಮತ್ತು ಎರಡು ಗಾಲಿ ಈಗ ನನ್ನ ಮೇಜಿನ ಮೇಲಿರುವ ಇನ್ನೊಂದು ಸೆಟ್ಟಿನೊಳಗಿವೆ. ಆ ಇನ್ನೊಂದು ಸೆಟ್ಟು ಹಾಡುತ್ತಿದೆ. ನಾನು ನಿಮ್ಮಲ್ಲಿ ಕೇಳಿಕೊಳ್ಳಲು ಬಂದಿರುವುದೂ ಇಷ್ಟೇ: ಕೆಟ್ಟ ಸೆಟ್ಟನ್ನು ತೂಕಕ್ಕೆ ಹಾಕಬೇಡಿ. ಟೇಪ್‌ರೆಕಾರ್ಡರಿನ ಬಿಡಿಭಾಗದ ಅಂಗಡಿ ಅಂತ ನಮ್ಮ ಕಡೆ ಇನ್ನೂ ಒಂದು ಉಳಿದಿದ್ದರೆ ಅದು ನಿಮ್ಮ ಅಟ್ಟ.

ನಾನು ರಿಪೇರಿ ಓದಿದವನಲ್ಲ. ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತನಾದ ಮೇಷ್ಟ್ರು. ಹುಟ್ಟಿದ್ದು ಮಡಕಶಿರಾ ಕಡೆ, ಅನ್ನ ತಿಂದದ್ದು ರಾಯದುರ್ಗದ ಕಡೆ. ರಾಯದುರ್ಗದಲ್ಲಿ ಬಸ್ಸು ತಪ್ಪಿದ ದಿನಗಳಲ್ಲೆಲ್ಲ ಒಬ್ಬ ರೇಡಿಯೋ ಸಾಹೇಬರ ಅಂಗಡಿಯ ಸ್ಟೂಲಿನ ಮೇಲೆ ಕೂರುತ್ತಿದ್ದೆ. ಬೆಸುಗೆಯ ಹೊಗೆ ಕುಡಿಯುತ್ತಾ, ಅವರು ಕೇಳಿದಾಗ ಟಾರ್ಚು ಹಿಡಿಯುತ್ತಾ ಕಲಿತದ್ದೇ ನನ್ನ ವಿದ್ಯೆ. ಸಾಹೇಬರು ಯಾವುದನ್ನೂ ಎಸೆಯುತ್ತಿರಲಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ಎರಡು ಗೋಣಿಚೀಲ ಇದ್ದವು, ಬಾಯಿಮಟ್ಟ ತುಂಬಿದವು. ‘ಮೇಷ್ಟ್ರೇ, ಸತ್ತವರು ಇದ್ದವರಿಗೆ ಆಗ್ತಾರೆ’ ಅನ್ನುತ್ತಿದ್ದರು. ಅವರು ತೀರಿಕೊಂಡ ಮೇಲೆ ಅಂಗಡಿ ಮೊಬೈಲ್ ಕವರಿನ ಅಂಗಡಿಯಾಯಿತು. ಸುದ್ದಿ ಕೇಳಿ ಗೋಣಿಚೀಲಕ್ಕೆಂದು ಓಡಿದೆ. ಹಿಂದಿನ ದಿನ ಸಂಜೆಯೇ ತೂಕಕ್ಕೆ ಹೋಗಿತ್ತು. ಮನೆಯವರನ್ನು ದೂರುವಂತಿಲ್ಲ, ಅವರ ಕಣ್ಣಿಗೆ ಅದು ಇಲಿ ಗೂಡು ಕಟ್ಟುವ ಜಾಗ. ಹೇಳಬೇಕಾದವನು ನಾನು, ಹೇಳಿರಲಿಲ್ಲ. ಅದಕ್ಕೇ ಈಗ ಊರಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದೇನೆ.

ಕ್ಯಾಸೆಟ್ಟಿನ ಕಾಲವೇ ಮುಗಿದ ಮೇಲೆ ಈ ಉಸಾಬರಿ ಯಾಕೆ ಅನ್ನಬಹುದು ನೀವು. ಕಾಲ ಮುಗಿಯಿತು, ಕ್ಯಾಸೆಟ್ಟು ಮುಗಿದಿಲ್ಲ. ನಮ್ಮ ಮನೆಯಲ್ಲೇ ಒಂದಿದೆ, ಸಿ-60. ಮೇಲೆ ಬಾಲ್‌ಪೆನ್ನಿನಲ್ಲಿ ‘ಚಿಕ್ಕಮ್ಮನ ಮದುವೆ, ಅಜ್ಜಿ ಸೋಬಾನೆ, 1986’ ಅಂತ ಕನ್ನಡದಲ್ಲಿ. ಅದರ ಕೆಳಗೆ ಅದನ್ನೇ ಯಾರೋ ತೆಲುಗು ಲಿಪಿಯಲ್ಲಿ ಬರೆದಿದ್ದಾರೆ. ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿದ್ದ ನಮ್ಮ ಮಾವ ಸೆಟ್ಟು ತಂದು ಚಪ್ಪರದ ಕಂಬಕ್ಕೆ ನೇತುಹಾಕಿ, ಕೆಂಪು ಗುಂಡಿ ಪ್ಲೇ ಗುಂಡಿ ಎರಡನ್ನೂ ಒಟ್ಟಿಗೆ ಒತ್ತಿ, ಎಲ್ಲರಿಗೂ ‘ಶ್’ ಅಂದಿದ್ದರು. ಆ ‘ಶ್’ ಕೂಡ ಟೇಪಿನಲ್ಲಿದೆ. ಅಜ್ಜಿ ಶುರು ಮಾಡುತ್ತಾಳೆ, ಹಿಂದೆ ನಾಲ್ಕು ಹೆಂಗಸರು ಸೊಲ್ಲು ಹಿಡಿಯುತ್ತಾರೆ, ನಡುವೆ ಯಾರೋ ‘ಏಲಕ್ಕಿ ಎಲ್ಲಿಟ್ಟಿದೀಯೇ?’ ಅನ್ನುತ್ತಾರೆ. ಚಪ್ಪರದಲ್ಲಿ ಕರೆಂಟಿರಲಿಲ್ಲ, ಸೆಲ್ಲಿನ ಮೇಲೆ ರೆಕಾರ್ಡು ಮಾಡಿದ್ದು. ಎರಡನೇ ಬದಿಗೆ ಬರುವಷ್ಟರಲ್ಲಿ ಸೆಲ್ಲು ಇಳಿದು ಟೇಪು ನಿಧಾನ ಓಡಿದೆ. ನಿಧಾನವಾಗಿ ತುಂಬಿದ್ದನ್ನು ಸರಿಯಾದ ವೇಗದಲ್ಲಿ ಕೇಳಿದರೆ ದನಿ ಮೇಲೇರುತ್ತದೆ. ಕೊನೆಕೊನೆಗೆ ಎಪ್ಪತ್ತು ದಾಟಿದ ಅಜ್ಜಿ ಏಳು ವರ್ಷದ ಹುಡುಗಿಯ ಗಂಟಲಿನಲ್ಲಿ ಹಾಡುತ್ತಾಳೆ. ಮೊದಲ ಸಲ ಕೇಳಿದಾಗ ಮನೆಮಂದಿಯೆಲ್ಲ ಬಿದ್ದುಬಿದ್ದು ನಕ್ಕೆವು.

ಅಂಗಡಿಯಲ್ಲಿ ಕೊಂಡ ಕ್ಯಾಸೆಟ್ಟುಗಳ ಬಗ್ಗೆ ನನಗೆ ಚಿಂತೆಯಿಲ್ಲ. 1978ರಲ್ಲಿ ಬಂದ ‘ನಿತ್ಯೋತ್ಸವ’ ಕನ್ನಡ ಭಾವಗೀತೆಗಳಿಗೆ ಕ್ಯಾಸೆಟ್ಟಿನ ಬಾಗಿಲು ತೆರೆಯಿತು. ಆಮೇಲೆ ಬಂದದ್ದಕ್ಕೆ ಲೆಕ್ಕವಿಲ್ಲ. ಅವುಗಳಿಗೆಲ್ಲ ಮೂಲ ಪ್ರತಿ ಬೇರೆಲ್ಲೋ ಇದೆ, ಫೋನಿನಲ್ಲೂ ಸಿಗುತ್ತವೆ. ಸಿಗದಿರುವುದು ನಿಮ್ಮ ಮನೆಯದು. ಭಜನೆ ಮೇಳದ್ದು, ಬಯಲಾಟದ್ದು, ರಾಗಿ ಬೀಸುತ್ತಾ ಹಾಡಿದ್ದು, ತತ್ವಪದದವರು ರಾತ್ರಿಯಿಡೀ ಕೂತು ಹಾಡಿದ್ದು. ಕೈವಾರ ತಾತಯ್ಯನ ಪದ ಹೇಳುವವರು ಒಂದು ಚರಣ ತೆಲುಗಿಗೆ, ಮುಂದಿನದು ಕನ್ನಡಕ್ಕೆ ಹೊರಳುವುದನ್ನು ನಮ್ಮ ಕಡೆ ಬಿಟ್ಟರೆ ಹೆಚ್ಚು ಕಡೆ ಕೇಳಲಾರಿರಿ. ಅವಕ್ಕೆಲ್ಲ ಎರಡನೇ ಪ್ರತಿ ಎಂಬುದಿಲ್ಲ.

ಟೇಪಿಗಿಂತ ಮೊದಲು ಸಾಯುವುದು ಅದನ್ನು ಓದುವ ಯಂತ್ರ. ನಾನಾಗಿ ಕಂಡುಹಿಡಿದ ಮಾತಲ್ಲ ಇದು. ಆಸ್ಟ್ರೇಲಿಯಾದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಸಂಗ್ರಹಾಲಯದವರು 2015ರಲ್ಲೇ ಕೂಗಿ ಹೇಳಿದರು: 2025ರ ಒಳಗೆ ಡಿಜಿಟಲ್ ಮಾಡಿಕೊಳ್ಳದ ಟೇಪುಗಳು ಬಹುಪಾಲು ಕೈಬಿಟ್ಟಂತೆಯೇ ಅಂತ. ಯಂತ್ರಗಳು, ಬಿಡಿಭಾಗಗಳು, ರಿಪೇರಿ ಬಲ್ಲವರು, ಮೂರೂ ಒಟ್ಟಿಗೆ ಖಾಲಿಯಾಗುತ್ತವೆ ಎಂಬುದು ಅವರ ಲೆಕ್ಕ. 2019ರಲ್ಲಿ ಯುನೆಸ್ಕೋದವರೂ ಧ್ವನಿ ಸಂಗ್ರಹಾಲಯಗಳ ಒಕ್ಕೂಟದವರೂ ಸೇರಿ ಜಗತ್ತಿನ ಟೇಪುಗಳ ಸ್ಥಿತಿ ಏನೆಂದು ವಿಚಾರಿಸಲು ಹೊರಟದ್ದೂ ಇದೇ ಭಯದಿಂದ. ಹಣಕಾಸು, ಎಸಿ ಕೋಣೆ ಇರುವವರೇ ಹೀಗೆ ಹೆದರಿದ್ದಾರೆ. ಆ 2025 ಎಂಬ ಗಡುವು ಬಂದೂ ಬಂತು. ನಮ್ಮ ಕ್ಯಾಸೆಟ್ಟುಗಳು ಬಿಸ್ಕತ್ತಿನ ಡಬ್ಬಿಯಲ್ಲಿವೆ.

ಒಂದು ವಿಷಯದಲ್ಲಿ ನಮ್ಮ ಅದೃಷ್ಟ ದೊಡ್ಡದು. 1963ರಲ್ಲಿ ಬರ್ಲಿನ್ನಿನ ಪ್ರದರ್ಶನದಲ್ಲಿ ಈ ಪುಟ್ಟ ಕ್ಯಾಸೆಟ್ಟನ್ನು ತೋರಿಸಿದ ಫಿಲಿಪ್ಸ್ ಕಂಪನಿ, ಅದರ ಅಳತೆಯನ್ನು ಬೇರೆ ಕಂಪನಿಗಳಿಗೂ ದುಡ್ಡಿಲ್ಲದೆ ಬಿಟ್ಟುಕೊಟ್ಟಿತು. ಹಾಗಾಗಿ ಯಾವ ಕ್ಯಾಸೆಟ್ಟು ಯಾವ ಸೆಟ್ಟಿಗಾದರೂ ಕೂರುತ್ತದೆ. ಟೇಪಿನ ಅಗಲ 3.81 ಮಿಲಿಮೀಟರ್, ಓಟ ಸೆಕೆಂಡಿಗೆ 4.76 ಸೆಂಟಿಮೀಟರ್. ಮಡಕಶಿರಾದಲ್ಲೂ ಅಷ್ಟೇ, ಮ್ಯೂನಿಕ್‌ನಲ್ಲೂ ಅಷ್ಟೇ. ಹಾಗಾದರೆ ಊರಿಗೆಲ್ಲ ಒಂದು ಒಳ್ಳೆಯ ಸೆಟ್ಟು ಸಾಲದೇ? ಸಾಕು. ನಾನು ಕೇಳುತ್ತಿರುವುದೂ ಆ ಒಂದೇ ಸೆಟ್ಟನ್ನು. ಆದರೆ ಆ ಒಂದು ಎದ್ದು ನಿಲ್ಲಬೇಕಾದರೆ ಹತ್ತರ ಒಡಲು ಬೇಕು.

ಹೊಸದನ್ನೇ ಕೊಂಡರಾಯಿತಲ್ಲ ಅಂತ ನನ್ನ ಮಗಳೂ ಹೇಳಿದಳು, ತರಿಸಿಯೂ ಕೊಟ್ಟಳು. ಕಂಪ್ಯೂಟರಿಗೆ ಚುಚ್ಚುವಂಥ ಪ್ಲೇಯರು. ಅಂಗೈ ಮೇಲಿಟ್ಟರೆ ಖಾಲಿ ಸೋಪಿನ ಡಬ್ಬಿಯಷ್ಟು ಹಗುರ. ಈಗ ಹೊಸದಾಗಿ ಬರುವ ಅಗ್ಗದ ಪ್ಲೇಯರುಗಳಲ್ಲಿ ಇರುವುದು ಹೆಚ್ಚಾಗಿ ಜಪಾನಿನ ತನಾಶಿನ್ ಕಂಪನಿಯ ಹಳೆಯ ಮೆಕ್ಯಾನಿಸಂನ ಚೀನಾ ನಕಲು. ಓಟವನ್ನು ಒಂದೇ ಸಮ ಹಿಡಿಯಬೇಕಾದ ಫ್ಲೈವೀಲು ಬಿಲ್ಲೆಯಂತೆ ತೆಳ್ಳಗಿರುತ್ತದೆ. ಅಜ್ಜಿ ಆಲಾಪ ಎಳೆದರೆ ಎತ್ತಿನ ಗಾಡಿಯಲ್ಲಿ ಕೂತು ಹಾಡಿದ ಹಾಗೆ ದನಿ ಕುಲುಕುತ್ತದೆ. ಹಳೆಯ ಸೆಟ್ಟಿನ ಫ್ಲೈವೀಲನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಗಟ್ಟಿ ಲೋಹ, ತಿರುಗಿಸಿ ಬಿಟ್ಟರೆ ತಾನಾಗಿ ಸುಮಾರು ಹೊತ್ತು ತಿರುಗುತ್ತಿರುತ್ತದೆ. ಆ ತೂಕಕ್ಕೆ ಇವತ್ತು ಬೆಲೆ ಕಟ್ಟುವವರು ಗುಜರಿಯವರು ಮಾತ್ರ.

ಇನ್ನು ಬಿಡಿಭಾಗದ ಪುರಾಣ.

ಮೊದಲು ಕೈಕೊಡುವುದು ಬೆಲ್ಟು. ನಮ್ಮ ಸೀಮೆಯ ಒಣಹವೆ ಟೇಪಿಗೆ ಒಳ್ಳೆಯದು. ಕಾಸರಗೋಡಿನಂಥ ಕರಾವಳಿಯ ಕ್ಯಾಸೆಟ್ಟುಗಳಿಗೆ ಹಿಡಿಯುವ ಬಿಳಿ ಬೂಷ್ಟು ನಮ್ಮಲ್ಲಿ ಅಪರೂಪ. ಆದರೆ ರಬ್ಬರಿಗೆ ಈ ಬಿಸಿಲು ಆಗಿಬರುವುದಿಲ್ಲ. ಕೆಲವು ಬೆಲ್ಟುಗಳು ಒಣಗಿದ ಹುಣಸೆ ಸಿಪ್ಪೆಯಂತೆ ಮುಟ್ಟಿದರೆ ಮುರಿಯುತ್ತವೆ. ಇನ್ನು ಕೆಲವು, ಬೇರೆ ಜಾತಿಯವು, ಕರಗಿ ಡಾಂಬರಾಗಿರುತ್ತವೆ. ಗಾಲಿಗೆ ಮೆತ್ತಿದ ಆ ಕಪ್ಪು ಅಂಟನ್ನು ಸ್ಪಿರಿಟ್ಟು ಹತ್ತಿ ಹಿಡಿದು ಒರೆಸಲು ಕೂತರೆ ಅರ್ಧ ದಿನ ಹೋಗುತ್ತದೆ, ಉಗುರಿನ ಸಂದಿಯಿಂದ ಹೋಗಲು ಮೂರು ದಿನ. ಹಿಂದೆ ನಾವು ಮಾಡುತ್ತಿದ್ದ ಉಪಾಯ ನಿಮಗೂ ನೆನಪಿರಬೇಕು: ಸೈಕಲ್ ಟ್ಯೂಬನ್ನು ಬಳೆಯಂತೆ ಕತ್ತರಿಸಿ ತೊಡಿಸುವುದು. ಹಾಡು ಓಡುತ್ತಿತ್ತು, ಕುಂಟುತ್ತಾ. ಕತ್ತರಿಸಿದ ಅಂಚು ಒಂದು ಕಡೆ ದಪ್ಪ ಒಂದು ಕಡೆ ಸಣ್ಣ ಇದ್ದರೆ ಪ್ರತಿ ಸುತ್ತಿಗೂ ದನಿ ಒಮ್ಮೆ ಮುಗ್ಗರಿಸುತ್ತದೆ. ಪಂಪ್‌ಸೆಟ್ಟಿನವರ ಅಂಗಡಿಯ ಓ-ರಿಂಗು ಅದಕ್ಕಿಂತ ಎಷ್ಟೋ ವಾಸಿ.

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ, ಅಂದರೆ ಸದರ್ ಪತ್ರಪ್ಪ ರಸ್ತೆಯಲ್ಲಿ, ಬೆಲ್ಟು ಈಗಲೂ ಸಿಗುತ್ತದೆ. ಆದರೆ ‘ಸ್ಯಾನ್ಯೊ ಬೆಲ್ಟು ಕೊಡಿ’ ಅಂತ ಕೇಳಿದರೆ ನಗುತ್ತಾರೆ. ಅಳತೆ ಹೇಳಬೇಕು. ಹಳೆಯ ಬೆಲ್ಟೇ ಡಾಂಬರಾದ ಮೇಲೆ ಅಳತೆ ಎಲ್ಲಿಂದ ತರುವುದು? ಸಾಹೇಬರು ಕಲಿಸಿದ ದಾರಿ: ಹೊಲಿಗೆ ದಾರವನ್ನು ಬೆಲ್ಟು ಓಡುವ ಗಾಲಿಗಳ ಸುತ್ತ ಬಿಗಿಯಾಗಿ ಸುತ್ತಿ, ಗಂಟು ಬೀಳುವಲ್ಲಿ ಕತ್ತರಿಸಿ, ಸ್ಕೇಲಿನ ಮೇಲೆ ಹಿಡಿಯಿರಿ. ದಾರ 240 ಮಿಲಿಮೀಟರ್ ಬಂದರೆ ನೂರಕ್ಕೆ ಐದರಂತೆ ಕಳೆದು 228ರ ಬೆಲ್ಟು ತನ್ನಿ. ತೀರ ಬಿಗಿಯಾದರೆ ಮೋಟರಿನ ಬುಷ್ಷು ಸವೆಯುತ್ತದೆ, ಸಡಿಲವಾದರೆ ಜಾರುತ್ತದೆ. ನಾನು ಹೋಗುವಾಗ ಜೇಬಿನಲ್ಲಿ ಚೀಟಿಗಳ ಬದಲು ದಾರದ ತುಂಡುಗಳನ್ನೇ ಒಯ್ಯುತ್ತೇನೆ, ಒಂದೊಂದಕ್ಕೂ ಒಂದೊಂದು ಬಣ್ಣ. ರಾಯದುರ್ಗದಲ್ಲಿ ದಾರಕ್ಕೇನು ಬರ. ಊರು ತುಂಬ ಜೀನ್ಸ್ ಹೊಲಿಯುವ ಮೆಷಿನ್ನುಗಳು.

ಆ ಮೆಷಿನ್ನುಗಳಿಂದ ಇನ್ನೊಂದು ಉಪಕಾರವೂ ಆಗಿದೆ. ಸೆಟ್ಟಿನೊಳಗೆ ಐಡ್ಲರ್ ಅಂತ ಒಂದು ಪುಟ್ಟ ಗಾಲಿ ಇರುತ್ತದೆ. ಓಡಿಬಂದ ಟೇಪನ್ನು ಬಲಗಡೆಯ ಸುರುಳಿಗೆ ಸುತ್ತಿಸುವುದು ಅದರ ಕೆಲಸ. ಅದರ ರಬ್ಬರ್ ಟಯರು ನುಣುಪಾಯಿತೋ, ಟೇಪು ಸುತ್ತಿಕೊಳ್ಳದೆ ಹೊಟ್ಟೆಯೊಳಗೆ ರಾಶಿ ಬೀಳುತ್ತದೆ. ‘ರೀಲು ತಿಂತು’ ಅಂತ ನಾವು ಬೈಯುತ್ತಿದ್ದೆವಲ್ಲ, ಬಹುಪಾಲು ಪಾಪ ಇದರದೇ. ಈ ಟಯರು ಅಂಗಡಿಯಲ್ಲಿ ಸಿಗಲಿಲ್ಲ. ಹೊಲಿಗೆ ಮೆಷಿನ್ನಿನಲ್ಲಿ ಬಾಬಿನ್ನಿಗೆ ದಾರ ತುಂಬುವ ಗಾಲಿಗೆ ಒಂದು ರಬ್ಬರ್ ಬಳೆ ಇರುತ್ತದೆ ನೋಡಿ, ಅದನ್ನು ತಂದು, ಡ್ರಿಲ್ಲಿಗೆ ಸಿಕ್ಕಿಸಿ, ಮರಳು ಕಾಗದದಲ್ಲಿ ಸವೆಸಿ ಸವೆಸಿ ಅಳತೆಗೆ ತಂದೆ. ಮೊದಲನೆಯದು ತುಂಡಾಯಿತು, ಎರಡನೆಯದು ಓರೆಯಾಯಿತು, ಮೂರನೆಯದು ಕೂತಿತು. ಎಂಟು ತಿಂಗಳಿಂದ ಓಡುತ್ತಿದೆ.

ಮೋಟರಿನ ಕಥೆ ಹೇಳಿಕೊಳ್ಳಲು ನಾಚಿಕೆ. ಆನ್‌ಲೈನಿನಲ್ಲಿ ಒಬ್ಬರ ಹತ್ತಿರ ಹಳೆಯ ದಾಸ್ತಾನಿನ ಮಬುಚಿ ಮೋಟರು ಸಿಕ್ಕಿತು. ಗಾತ್ರ ಸರಿ, 9 ವೋಲ್ಟು ಸರಿ, ತಿರುಪು ಬೀಳುವ ತೂತುಗಳೂ ಸರಿ. ಕೂಡಿಸಿ ಗುಂಡಿ ಒತ್ತಿದೆ. ಟೇಪು ಎಡಕ್ಕೆ ಓಡಿತು! ಈ ಮೋಟರುಗಳಲ್ಲಿ ಬಲಸುತ್ತಿನವು ಬೇರೆ, ಎಡಸುತ್ತಿನವು ಬೇರೆ. ವೇಗ ಹಿಡಿಯುವ ಸರ್ಕ್ಯೂಟು ಹೊಟ್ಟೆಯೊಳಗೇ ಇರುವುದರಿಂದ ವೈರು ಅದಲುಬದಲು ಮಾಡಿದರೆ ತಿರುಗುವುದಿಲ್ಲ, ಸುಡುತ್ತದೆ. ಮಾರಿದವರು ಬಾಣದ ಗುರುತಿನ ಮೇಲೆಯೇ ತಮ್ಮ ಬೆಲೆಯ ಚೀಟಿ ಅಂಟಿಸಿದ್ದರು. ನಾನೂ ಅದನ್ನು ಕಿತ್ತು ನೋಡಿರಲಿಲ್ಲ. ಪುಣ್ಯಕ್ಕೆ ಪರೀಕ್ಷೆಗೆ ಹಾಕಿದ್ದು ಖಾಲಿ ಕ್ಯಾಸೆಟ್ಟು. ಅಜ್ಜಿಯದಾಗಿದ್ದರೆ ಈ ಪತ್ರ ಬರೆಯುವ ಮುಖ ನನಗಿರುತ್ತಿರಲಿಲ್ಲ. ಕೊನೆಗೆ ಸರಿಯಾದ ಸುತ್ತಿನ ಮೋಟರು ಸಿಕ್ಕಿದ್ದು ಆ ಗುಜರಿ ಗಾಡಿಯ ಬಿಪಿಎಲ್ ಸ್ಯಾನ್ಯೊದಲ್ಲಿ. ಆ ಮೋಟರಿನ ಬೆನ್ನಿಗೆ ರಬ್ಬರಿನ ಮುಚ್ಚಳದಡಿ ಒಂದು ಸಣ್ಣ ತೂತಿದೆ. ಕೈಗಡಿಯಾರದವರ ಸ್ಕ್ರೂಡ್ರೈವರು ತೂರಿಸಿ ತಿರುಗಿಸಿದರೆ ವೇಗ ಕೂದಲೆಳೆಯಷ್ಟು ಏರಿಳಿಯುತ್ತದೆ. ಅಜ್ಜಿಯನ್ನು ಏಳು ವರ್ಷದಿಂದ ಎಪ್ಪತ್ತಕ್ಕೆ ಮರಳಿ ತಂದದ್ದು ಆ ತೂತಿನ ಮೂಲಕವೇ. ಹಾಡು ಮುಂದೆ ಹೋದಂತೆಲ್ಲ ನಾಲ್ಕು ಸಲ ನಿಲ್ಲಿಸಿ, ನಾಲ್ಕು ಸಲ ತಿರುಗಿಸಿ, ತುಂಡು ತುಂಡಾಗಿ ಇಳಿಸಿಕೊಂಡೆ. ಕಂಪ್ಯೂಟರಿನಲ್ಲೇ ಮಾಡಬಹುದಿತ್ತಂತೆ. ಇರಲಿ.

ಕಣೇಕಲ್ಲು, ಬೊಮ್ಮನಹಾಳ್ ಕಡೆಯಿಂದ ಬಂದ ಸೆಟ್ಟುಗಳನ್ನು ಬಿಚ್ಚುವುದೇ ಒಂದು ಬೇರೆ ಅನುಭವ. ಹಗರಿ ದಂಡೆಯ ಮರಳು ದಿಬ್ಬಗಳನ್ನು ನೋಡಿದವರಿಗೆ ಗೊತ್ತು. ದರ್ಗಾ ಹೊನ್ನೂರು, ಗೋವಿಂದವಾಡದ ಹೊಲಗಳ ಮೇಲೆ ಗಾಳಿ ಮರಳನ್ನು ಹೇಗೆ ಹೊತ್ತು ತರುತ್ತದೆಂದು. ಅದು ಸೆಟ್ಟಿನ ಸ್ಪೀಕರ್ ಜಾಲರಿಯಲ್ಲೂ ಇಳಿದಿರುತ್ತದೆ. ಒಂದು ಫಿಲಿಪ್ಸ್ ಸೆಟ್ಟನ್ನು ಬೋರಲು ಹಾಕಿ ತಟ್ಟಿದೆ, ಪೇಪರಿನ ಮೇಲೆ ಒಂದು ಚಿಟಿಕೆ ನುಣ್ಣನೆ ಮರಳು ಬಿತ್ತು, ಪುಡಿ ಉಪ್ಪಿನ ಹಾಗೆ. ಅಂಥ ಸೆಟ್ಟಿಗೆ ಬಿಚ್ಚದೆ ಎಣ್ಣೆ ಬಿಟ್ಟರೆ ಮರಳೂ ಎಣ್ಣೆಯೂ ಸೇರಿ ಅರೆಯುವ ಕಲ್ಲಾಗುತ್ತದೆ. ಅದಕ್ಕೆ ಕೈಮುಗಿದು ಹೇಳುತ್ತೇನೆ, ತರುವ ಮುಂಚೆ ಕೊಬ್ಬರಿ ಎಣ್ಣೆ ಬಿಡಬೇಡಿ. ಬಿಟ್ಟು ತಂದವರಿದ್ದಾರೆ.

ಹೆಡ್ಡಿನ ವಿಷಯ. ಟೇಪು ಉಜ್ಜಿ ಉಜ್ಜಿ ಅದರ ಮುಖದ ಮೇಲೆ ಗುಂಡಿ ಬಿದ್ದಿರುತ್ತದೆ. ಉಗುರನ್ನು ಮೇಲಿಂದ ಕೆಳಗೆ ಮೆಲ್ಲಗೆ ಎಳೆದು ನೋಡಿ. ಮೆಟ್ಟಿಲಿಗೆ ತಾಗಿದಂತೆ ಸಿಕ್ಕಿಕೊಂಡರೆ ಆ ಹೆಡ್ಡಿನ ಆಯುಷ್ಯ ಮುಗಿದಂತೆ. ನನ್ನ ಅನುಭವದಲ್ಲಿ ದಿನವೆಲ್ಲ ಹಾಡಿದ ಹೋಟೆಲಿನ ಸೆಟ್ಟಿನ ಹೆಡ್ಡು ಸವೆದಿರುತ್ತದೆ, ಶೋಕೇಸಿನಲ್ಲಿ ಕೂತು ಹಬ್ಬಕ್ಕೆ ಮಾತ್ರ ಹಾಡಿದ ಸೆಟ್ಟಿನದು ಹೊಸದರಂತೆ ಹೊಳೆಯುತ್ತದೆ. ಮೋಟರು ಸುಟ್ಟು, ಬೋರ್ಡು ತುಕ್ಕು ಹಿಡಿದು, ‘ಯಾಕೂ ಬರಲ್ಲ’ ಅಂತ ಮೂಲೆಗೆ ಬಿದ್ದ ಅಂಥ ಸೆಟ್ಟಿನಲ್ಲೇ ಚಿನ್ನದಂಥ ಹೆಡ್ಡು ಇರುತ್ತದೆ. ಹೆಡ್ಡಿನ ಪಕ್ಕದ ಸಣ್ಣ ತಿರುಪನ್ನು ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಒಂದು ಚೂರು ಹೊಂದಿಸಬೇಕು. ಯಾಕೆಂದರೆ ನಿಮ್ಮ ಮನೆಯ ಸೆಟ್ಟಿನ ಹೆಡ್ಡು ಅವತ್ತು ಎಷ್ಟು ಓರೆಯಿತ್ತೋ ಟೇಪಿನ ಮೇಲಿನ ಬರಹವೂ ಅಷ್ಟೇ ಓರೆ. ನೇರ ನಿಂತ ಹೆಡ್ಡಿಗೆ ಅದು ಕಂಬಳಿ ಹೊದ್ದು ಮಾತಾಡಿದ ಹಾಗೆ ಕೇಳುತ್ತದೆ. ತಿರುಪು ತಿರುಗುತ್ತಿದ್ದಂತೆ ಕಂಬಳಿ ಸರಿದು ಬಳೆಯ ಸದ್ದು, ತಾಳದ ಅಂಚು ಹೊರಗೆ ಬರುವುದನ್ನು ಕೇಳಬೇಕು.

ಐಸಿಗಳಿಗೆ ಅಂಥ ತೊಂದರೆಯಿಲ್ಲ. ಟಿಬಿಎ 810, ಎಲ್‌ಎ 4440 ಇವತ್ತಿಗೂ ಸಿಗುತ್ತವೆ. ಮೇಲಿನ ನಂಬರು ಉಜ್ಜಿ ಬೇರೆ ಅಚ್ಚು ಹಾಕಿದ ನಕಲಿಗಳೂ ಸಿಗುತ್ತವೆ, ಸುಟ್ಟಾಗ ಗೊತ್ತಾಗುತ್ತದೆ. ಕೆಪ್ಯಾಸಿಟರು ಎಲ್ಲ ಊರಲ್ಲೂ ಉಂಟು. ಸಿಗದಿರುವುದು ಹಲ್ಲು ಮುರಿದ ಪ್ಲಾಸ್ಟಿಕ್ ಗಾಲಿ, ಗುಂಡಿಗಳ ಕೆಳಗಿನ ಸ್ಪ್ರಿಂಗು, ರೆಕಾರ್ಡಿಗೂ ಪ್ಲೇಗೂ ಬದಲಿಸುವ ಉದ್ದನೆಯ ಸ್ವಿಚ್ಚು. ಅದರಲ್ಲೂ ಆ ಸ್ವಿಚ್ಚು. ಕಿಲುಬು ಹಿಡಿದರೆ ಸೆಟ್ಟು ಕುಯ್ ಅಂತ ಕೂಗುತ್ತದೆ ಇಲ್ಲವೇ ಮೂಕವಾಗುತ್ತದೆ, ‘ಹೋಯ್ತು’ ಅಂತ ಮನೆಯವರು ಮೂಲೆಗೆ ಇಡುತ್ತಾರೆ. ಬರಿ ಇಷ್ಟಕ್ಕೇ ಮೂಲೆಗೆ ಬಿದ್ದ ಸೆಟ್ಟುಗಳು ಒಂದೆರಡಲ್ಲ. ಕಾಂಟ್ಯಾಕ್ಟ್ ಕ್ಲೀನರು ಒಂದು ಸಲ ಬಿಟ್ಟು, ಕ್ಯಾಸೆಟ್ಟಿನ ಬಾಗಿಲೊಳಗೆ ಎಡ ಮೂಲೆಯಲ್ಲಿರುವ ಸಣ್ಣ ಕಡ್ಡಿಯನ್ನು ಬೆರಳಲ್ಲಿ ಒತ್ತಿ ಹಿಡಿದು, ಕೆಂಪು ಗುಂಡಿಯನ್ನು ಇಪ್ಪತ್ತು ಸಲ ಒತ್ತಿ ಬಿಟ್ಟರೆ ಎಷ್ಟೋ ಸಲ ಮಾತು ಬರುತ್ತದೆ.

ಆ ಕಡ್ಡಿ ಇರುವುದು ನಿಮ್ಮ ಕ್ಯಾಸೆಟ್ಟನ್ನು ಕಾಯಲಿಕ್ಕೆ. ಕ್ಯಾಸೆಟ್ಟಿನ ಬೆನ್ನಿಗೆ, ಎರಡು ಮೂಲೆಯಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ಎಸಳು ಇರುತ್ತವೆ. ಅವನ್ನು ಮುರಿದು ತೆಗೆದರೆ ಅದರ ಮೇಲೆ ಬೇರೆ ರೆಕಾರ್ಡು ಮಾಡಲು ಕೆಂಪು ಗುಂಡಿ ಬಿಡುವುದಿಲ್ಲ. ಈ ಪತ್ರ ಓದಿ ಮುಗಿಸಿದ ಕೂಡಲೇ ನಿಮ್ಮ ಹಾಡಿನ ಕ್ಯಾಸೆಟ್ಟುಗಳ ಎಸಳು ಮುರಿದುಬಿಡಿ. ರೊಳ್ಳದ ಕಡೆಯ ಒಂದು ಮನೆಯಲ್ಲಿ ತಾತ ಹೇಳಿದ ಜುಂಜಪ್ಪನ ಕಥೆಯ ನಡುಮಧ್ಯಕ್ಕೆ ಕ್ರಿಕೆಟ್ ಕಾಮೆಂಟ್ರಿ ಬಂದದ್ದನ್ನು ನಾನೇ ಕೇಳಿದ್ದೇನೆ. ಮೊಮ್ಮಗ ಈಗ ನಲವತ್ತೈದರ ಗಂಡಸು, ತಲೆ ತಗ್ಗಿಸಿಕೊಂಡೇ ಕೂತಿದ್ದ.

ಇದನ್ನೆಲ್ಲ ನಮಗಾಗಿ ಬೇರೆಯವರು ಮಾಡುತ್ತಾರೆಂದು ಕಾಯುವಂತಿಲ್ಲ, ನಾವಿರುವುದು ಗಡಿಯಲ್ಲಿ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರದ ಕಡೆ ಉಳಿದವು, ಮಿಕ್ಕ ಬಳ್ಳಾರಿ ಮೈಸೂರಿಗೆ ಸೇರಿತು. ಮಡಕಶಿರಾ ಅದಕ್ಕೂ ಮುಂಚಿನಿಂದಲೇ ಅನಂತಪುರದ್ದು. 2022ರ ಏಪ್ರಿಲ್‌ನಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ರಾಯದುರ್ಗ ಅನಂತಪುರದಲ್ಲೇ ನಿಂತಿತು. ಜಿಲ್ಲೆ ಎರಡಾದರೂ ಮಾತು ಎಂದಿನಂತೆಯೇ ಇದೆ: ಮಡಕಶಿರಾದ ಕನ್ನಡ ಪಾವಗಡ, ಶಿರಾದ ಕಡೆಗೆ ವಾಲುತ್ತದೆ, ರಾಯದುರ್ಗದ್ದು ಬಳ್ಳಾರಿ, ಮೊಳಕಾಲ್ಮೂರಿನ ಕಡೆಗೆ. ಹಾಡು ಸಂಗ್ರಹಿಸುವವರು ಇಲ್ಲವೆಂದಲ್ಲ. ಎಚ್.ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿ, ಆಮೇಲೆ ರಾಮನಗರದಲ್ಲಿ ಜಾನಪದ ಲೋಕ ಎಬ್ಬಿಸಿದರು. ನಮಗೆ ಹತ್ತಿರದಲ್ಲೇ ಹಂಪಿಯ ಕನ್ನಡ ವಿಶ್ವವಿದ್ಯಾಲಯವಿದೆ. 1982ರಲ್ಲಿ ಶುರುವಾದ ಜನಾಂಗ ಸಂಗೀತದ ಸಂಗ್ರಹಾಲಯವೂ ಉತ್ತರದ ಗುರುಗ್ರಾಮದಲ್ಲಿದೆ. ಇವರೆಲ್ಲರ ಮೇಲೂ ನನಗೆ ಗೌರವ. ಆದರೆ ಹಾಡು ಸಂಗ್ರಹಿಸಲು ಬರುವವರಿಗೂ ಒಂದು ರಾಜ್ಯದ ಗಡಿ ಇರುತ್ತದೆಂದು ನನ್ನ ಅನುಮಾನ. ಆ ಕಡೆಯವರಿಗೆ ನಾವು ಆಂಧ್ರದವರು, ಈ ಕಡೆಯವರಿಗೆ ನಮ್ಮ ಹಾಡು ಕನ್ನಡದ್ದು. ಹೆಂಜೇರು ಎಂಬ ಹೆಸರಿನಲ್ಲಿ ನೊಳಂಬರ ರಾಜಧಾನಿಯಾಗಿದ್ದ ಹೇಮಾವತಿಯ ಕಲ್ಲುಗಳನ್ನು ಓದಲು ವಿದ್ವಾಂಸರು ಬಂದರು. ಕಲ್ಲು ಕಾಯುತ್ತದೆ. ಟೇಪಿಗೆ ಆ ತಾಳ್ಮೆ ಇಲ್ಲ.

ಹಾಗಾಗಿ ಮೊದಲು ನಾವೇ ಇಳಿಸಿಕೊಳ್ಳೋಣ, ಆಮೇಲೆ ಕೇಳಿದವರಿಗೆ ಪ್ರತಿ ಕೊಡೋಣ. ನನ್ನ ಬಳಿ ಈಗ ಒಂದೂವರೆ ಸೆಟ್ಟು ಇದೆ. ಒಂದು ಓಡುತ್ತದೆ. ಇನ್ನೊಂದು ಸ್ಟೀರಿಯೋ ಡೆಕ್ಕು, ಒಳ್ಳೆಯ ಜಾತಿಯದು. ಅದು ಎದ್ದರೆ ಒಂದು ಲಾಭವಿದೆ: ನಿಮ್ಮ ಮನೆಯ ಹಳೆಯ ಸೆಟ್ಟುಗಳು ಮೋನೋ, ಅವು ಟೇಪಿನ ಮೇಲೆ ಅಗಲವಾದ ಒಂದೇ ಸಾಲು ಬರೆದಿವೆ. ಸ್ಟೀರಿಯೋ ಹೆಡ್ಡು ಅದೇ ಸಾಲನ್ನು ಎರಡು ಪಾಲು ಮಾಡಿ ಓದುತ್ತದೆ. ಟೇಪಿನ ಒಂದಂಚು ಮಡಚಿಹೋಗಿದ್ದರೂ ಇನ್ನೊಂದು ಪಾಲಿನಿಂದ ಹಾಡು ಸಿಗುತ್ತದೆ. ಆ ಡೆಕ್ಕಿಗೆ ಬೇಕಾಗಿರುವುದು ಒಂದು ಪಿಂಚ್ ರೋಲರ್, ಟೇಪನ್ನು ಒತ್ತಿ ಓಡಿಸುವ ಕಪ್ಪು ರಬ್ಬರಿನ ಉರುಳೆ, ಸುಮಾರು 13 ಮಿಲಿಮೀಟರ್ ವ್ಯಾಸದ್ದು, ಮುಖ ಒಡೆಯದೆ ಇರುವಂಥದ್ದು. ಮತ್ತೆ ಹಲ್ಲು ಪೂರ್ತಿ ಇರುವ ಕೌಂಟರಿನ ಗಾಲಿ ಸಿಕ್ಕರೆ ಸಂತೋಷ, ಇಲ್ಲದಿದ್ದರೂ ಸರಿ.

ನಿಮ್ಮ ಸೆಟ್ಟಿನಲ್ಲಿ ಅದು ಇದೆಯೋ ಇಲ್ಲವೋ ನೀವು ನೋಡುತ್ತ ಕೂರಬೇಡಿ. ಸೆಟ್ಟನ್ನೇ ಕೊಟ್ಟುಬಿಡಲು ಮನಸ್ಸಿಲ್ಲದಿದ್ದರೆ ಬೇಡ. ಅಪ್ಪ ಕೊಂಡದ್ದು, ಮೊದಲ ಸಂಬಳದ್ದು, ವರದಕ್ಷಿಣೆಯದು, ಒಂದೊಂದಕ್ಕೂ ಒಂದು ಕಥೆ ಇರುತ್ತದೆ, ನನಗೆ ಅರ್ಥವಾಗುತ್ತದೆ. ಒಳಗಿನ ಒಂದು ಉರುಳೆ ತೆಗೆದುಕೊಂಡು ಡಬ್ಬಿಯನ್ನು ಹಾಗೇ ಮುಚ್ಚಿ ವಾಪಸು ಕೊಡುತ್ತೇನೆ. ಶೋಕೇಸಿನಲ್ಲಿ ಎಂದಿನ ಹಾಗೇ ಕೂರಲಿ. ಬದಲಿಗೆ ನಿಮ್ಮ ಎರಡು ಕ್ಯಾಸೆಟ್ಟನ್ನು ಫೋನಿಗೆ ಇಳಿಸಿ ಕೊಡುತ್ತೇನೆ, ದುಡ್ಡಿನ ಮಾತು ಬೇಡ. ಶಿವರಾತ್ರಿಗೆ ಹೇಮಾವತಿ ಸಿದ್ಧೇಶ್ವರನ ದರ್ಶನಕ್ಕೆ ಬರುವವರು ಕೈಚೀಲದಲ್ಲಿ ಹಾಕಿಕೊಂಡು ಬಂದರೆ ಗುಡಿಯ ಹೊರಗೆ ಮರದ ಕೆಳಗೆ ನಾನು ಸಿಗುತ್ತೇನೆ. ರಾಯದುರ್ಗದವರಿಗೆ ನನ್ನ ಮನೆ ಗೊತ್ತೇ ಇದೆ. ‘ಟೇಪಿನ ಮೇಷ್ಟ್ರು’ ಅಂದರೆ ಹುಡುಗರು ತೋರಿಸುತ್ತಾರೆ, ನಗುತ್ತಲೇ ತೋರಿಸುತ್ತಾರೆ.

ಗುಜರಿಯ ಅಣ್ಣಂದಿರೂ ಇದನ್ನು ಯಾರಿಂದಾದರೂ ಓದಿಸಿ ಕೇಳಿಸಿಕೊಳ್ಳಿ. ಟೇಪಿನ ಸೆಟ್ಟು ಸಿಕ್ಕರೆ ಸುತ್ತಿಗೆ ಎತ್ತುವ ಮುಂಚೆ ಒಂದು ಮಾತು ಕಳಿಸಿ. ತೂಕಕ್ಕಿಂತ ಐವತ್ತು ರೂಪಾಯಿ ಹೆಚ್ಚು ನನ್ನ ಲೆಕ್ಕದಲ್ಲಿ.

ಇಂತಿ ನಿಮ್ಮವನೇ ಆದ,
ಒಬ್ಬ ನಿವೃತ್ತ ಕನ್ನಡ ಮೇಷ್ಟ್ರು

ಮರೆತಿದ್ದೆ: ಸೆಲ್ಲು ಒಳಗೇ ಉಳಿದು ಸೋರಿದ್ದರೆ ಹಿಂದಿನ ಮುಚ್ಚಳ ತೆಗೆದು ಬರಿಗೈಯಲ್ಲಿ ಮುಟ್ಟದೆ ಕಿತ್ತುಹಾಕಿ. ‘ಓಡುತ್ತಾ ನೋಡೋಣ’ ಅಂತ ಪ್ಲಗ್ಗಿಗೆ ಹಾಕಬೇಡಿ. ಒಳಗೆ ಕ್ಯಾಸೆಟ್ಟು ಸಿಕ್ಕಿಕೊಂಡಿದ್ದರೆ ಎಳೆಯಬೇಡಿ, ಅದನ್ನು ಒಳಗೇ ಬಿಟ್ಟು ಸೆಟ್ಟು ಸಮೇತ ತನ್ನಿ. ಕಳೆದ ತಿಂಗಳು ಗುಮ್ಮಗಟ್ಟದಿಂದ ಬಂದ ಸೆಟ್ಟಿನಲ್ಲಿ ಅಂಥದ್ದೊಂದಿತ್ತು; ಲೇಬಲ್ಲಿನ ಮೇಲೆ ಬರಿ ‘ಅವ್ವ’ ಅಂತ ಬರೆದಿತ್ತು. ಅವರ ಮನೆಯಲ್ಲಿ ಅದು ಇದೆಯೆಂದೇ ಯಾರಿಗೂ ಗೊತ್ತಿರಲಿಲ್ಲ.